ಕೊಲಂಬಸ್‌ಗಿಂತ ಮೊದಲೇ ಅಮೆರಿಕ ಮುಟ್ಟಿದ ಚೀನೀ ನಾವಿಕ? ಫಾರ್ವರ್ಡ್‌ಗಳು ಹೇಳದ ಝೆಂಗ್ ಹೆ ಕಥೆ

ಈ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಒಂಬತ್ತು ಹಾಯಿಕಂಬಗಳ ದೈತ್ಯ ಹಡಗು, ಅದರ ಪಕ್ಕದಲ್ಲಿ ಆಟಿಕೆಯಂತೆ ಕಾಣುವ ಕೊಲಂಬಸ್‌ನ ಹಡಗು. ಕೆಳಗಿನ ಬರಹ ಮಾತ್ರ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ಝೆಂಗ್ ಹೆ ಎಂಬ ಚೀನೀ ನೌಕಾಧಿಪತಿ 1421ರಲ್ಲೇ ಅಮೆರಿಕ ಕಂಡುಹಿಡಿದಿದ್ದ ಎಂದು ಒಂದರಲ್ಲಿರುತ್ತದೆ. ಆತ ಯಾರ ಮೇಲೂ ಕತ್ತಿ ಎತ್ತದೆ ದೇಶದೇಶ ಸುತ್ತಿದ ಶಾಂತಿದೂತ ಎಂದು ಇನ್ನೊಂದರಲ್ಲಿ. ಹೊಟ್ಟೆಕಿಚ್ಚಿನ ಮಂತ್ರಿಗಳು ಅವನ ಹಡಗುಗಳನ್ನೆಲ್ಲ ಸುಟ್ಟುಹಾಕಿದರು, ಇಲ್ಲದಿದ್ದರೆ ಜಗತ್ತನ್ನು ಯುರೋಪಿನ ಬದಲು ಚೀನಾ ಆಳುತ್ತಿತ್ತು ಎಂದು ಮತ್ತೊಂದರಲ್ಲಿ.

ಮೊದಲನೆಯದು ಸುಳ್ಳು. ಉಳಿದೆರಡರಲ್ಲಿ ಒಂದಿಷ್ಟು ನಿಜಕ್ಕೆ ಬಹಳಷ್ಟು ಬಣ್ಣ ಬೆರೆತಿದೆ. ಆದರೆ ಇವುಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನಮಗೆ ಹೆಚ್ಚು ಕಸಿವಿಸಿಯಾಗಿದ್ದು ಬೇರೆ ಕಾರಣಕ್ಕೆ. ಹಡಗಿನ ಉದ್ದ ಎಷ್ಟು ಅಡಿ ಎಂದು ಎಲ್ಲದರಲ್ಲೂ ಇದೆ. ಈ ಮನುಷ್ಯನಿಗೆ ಹತ್ತು ವರ್ಷವಾಗಿದ್ದಾಗ ಏನಾಯಿತು ಎಂಬುದು ಯಾವುದರಲ್ಲೂ ಇಲ್ಲ. ಅದು ತಿಳಿಯದಿದ್ದರೆ ಆತ ಸಮುದ್ರಕ್ಕೆ ಇಳಿದದ್ದೇಕೆ, ಆ ಯಾನಗಳು ನಿಂತದ್ದೇಕೆ ಎಂಬ ಎರಡೂ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗುವುದಿಲ್ಲ.

ಸಮುದ್ರವೇ ಇಲ್ಲದ ಊರಿನ ಹುಡುಗ

ಝೆಂಗ್ ಹೆ ಹುಟ್ಟಿದ್ದು 1371ರಲ್ಲಿ, ಚೀನಾದ ನೈಋತ್ಯ ಮೂಲೆಯ ಯುನ್ನಾನ್ ಪ್ರಾಂತ್ಯದ ಕುನ್‌ಯಾಂಗ್ ಎಂಬ ಊರಿನಲ್ಲಿ. ಇಂದಿನ ಕುನ್‌ಮಿಂಗ್ ನಗರದ ಹತ್ತಿರದ ಜಾಗ. ಸುತ್ತ ಬೆಟ್ಟಗಳು, ಎದುರಿಗೊಂದು ದೊಡ್ಡ ಕೆರೆ. ಸಮುದ್ರ ನೂರಾರು ಕಿಲೋಮೀಟರ್ ದೂರ. ಆಗ ಅವನ ಹೆಸರು ಮಾ ಹೆ. ಮನೆಯವರು ಮುಸ್ಲಿಮರು. ಮಧ್ಯ ಏಷ್ಯಾದ ಬುಖಾರಾದಿಂದ ಬಂದು, ಮಂಗೋಲ್ ದೊರೆಗಳ ಪರವಾಗಿ ಯುನ್ನಾನನ್ನು ಆಳಿದ ಸೈಯದ್ ಅಜಲ್ ಶಂಸುದ್ದೀನನ ವಂಶ ತಮ್ಮದು ಎಂದು ಹೇಳಿಕೊಳ್ಳುತ್ತಿದ್ದ ಕುಟುಂಬ. ಅಜ್ಜ, ಅಪ್ಪ ಇಬ್ಬರೂ ಹಾಜಿಗಳೆಂದು ಹೆಸರಾದವರು. ಅಂದರೆ ಹಿಂದೂ ಮಹಾಸಾಗರದ ಆಚೆಯ ಅರಬ್ ದೇಶಗಳ ಮಾತು ಆ ಮನೆಯಲ್ಲಿ ಹೊಸದಾಗಿರಲಿಲ್ಲ.

ಇಷ್ಟೆಲ್ಲ ನಮಗೆ ತಿಳಿದಿರುವುದಕ್ಕೆ ಒಂದು ಮುಖ್ಯ ಆಧಾರ ಅವನ ಅಪ್ಪನ ಸಮಾಧಿಯ ಕಲ್ಲು. 1405ರಲ್ಲಿ, ಮೊದಲ ಯಾನಕ್ಕೆ ಹೊರಡುವ ಹೊತ್ತಿಗೆ, ಝೆಂಗ್ ಹೆ ಆಸ್ಥಾನದ ಒಬ್ಬ ಮಂತ್ರಿಯಿಂದ ಶಾಸನದ ಪಾಠ ಬರೆಸಿ ಅದನ್ನು ನಿಲ್ಲಿಸಿದ. ಅಪ್ಪ ಸತ್ತದ್ದು ಚೀನೀ ಲೆಕ್ಕದಲ್ಲಿ 39ನೇ ವಯಸ್ಸಿಗೆ, ಇಬ್ಬರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು ಎಂದೆಲ್ಲ ಅದರಲ್ಲಿದೆ. ಕಿರಿಯ ಮಗನಿಗೆ ಏನಾಯಿತು ಎಂಬುದನ್ನು ಮಾತ್ರ ಕಲ್ಲು ಹೇಳುವುದಿಲ್ಲ.

ಆದದ್ದು ಇಷ್ಟು. 1368ರಲ್ಲಿ ಮಂಗೋಲರನ್ನು ಓಡಿಸಿ ಮಿಂಗ್ ವಂಶ ಚೀನಾದ ಗದ್ದುಗೆ ಹಿಡಿಯಿತು. ಯುನ್ನಾನ್ ಮಾತ್ರ ಮಂಗೋಲರ ಕಡೆಯೇ ಉಳಿದಿತ್ತು. 1381ರಲ್ಲಿ ಮಿಂಗ್ ಸೇನೆ ಅದರ ಮೇಲೂ ಬಿತ್ತು. ಆ ಯುದ್ಧದ ಸಮಯದಲ್ಲೇ ಅಪ್ಪ ತೀರಿಕೊಂಡ. ಹತ್ತು ವರ್ಷದ ಆಸುಪಾಸಿನ ಹುಡುಗ ಸೈನಿಕರ ಕೈಗೆ ಸಿಕ್ಕ. ಸೆರೆಸಿಕ್ಕ ಗಂಡುಮಕ್ಕಳಲ್ಲಿ ಕೆಲವರನ್ನು ಅರಮನೆ ಸೇವೆಗೆಂದು ಆರಿಸಿ ಅವರ ಜನನಾಂಗ ಕತ್ತರಿಸುವ ಪದ್ಧತಿ ಆಗ ಇತ್ತು. ಮಾ ಹೆ ಅವರಲ್ಲಿ ಒಬ್ಬನಾದ. ನಮ್ಮ ಕಡೆಯ ಸುಲ್ತಾನರ ಅರಮನೆಗಳಲ್ಲಿ ಇಂಥವರನ್ನು ಖೋಜಾ ಎನ್ನುತ್ತಿದ್ದರು.

ಇಲ್ಲಿ ದೇಹದ ವಿಷಯ ಒಂದು ಹೇಳಲೇಬೇಕು, ಏಕೆಂದರೆ ಝೆಂಗ್ ಹೆ ಏಳಡಿ ಎತ್ತರ ಇದ್ದ ಎಂಬ ಮಾತೂ ಫಾರ್ವರ್ಡ್‌ಗಳಲ್ಲಿ ಸುತ್ತುತ್ತದೆ. ಅದರ ಮೂಲ ಮನೆತನದ ಹೊಗಳಿಕೆಯ ಬರಹ. ಅಲ್ಲಿ ಏಳು 'ಚಿ' ಎಂದಿದೆ. ಚಿ ಎಂಬುದು ಚೀನೀ ಅಳತೆ, ನಮ್ಮ ಅಡಿಯೊಂದಿಗೆ ಸರಿಯಾಗಿ ಹೊಂದುವುದಿಲ್ಲ. ಅಳತೆಯನ್ನು ಹಾಗೆಯೇ ನಂಬಬೇಕಿಲ್ಲ, ಆದರೆ ಆತ ಎತ್ತರದ ಆಳಾಗಿದ್ದ ಎಂಬುದು ಅಸಾಧ್ಯವೇನಲ್ಲ. ಪ್ರಾಯಕ್ಕೆ ಬರುವ ಮೊದಲೇ ವೃಷಣ ತೆಗೆದರೆ ಟೆಸ್ಟೋಸ್ಟೆರಾನ್ ಹಾರ್ಮೋನು ತೀರಾ ಕಡಿಮೆಯಾಗುತ್ತದೆ. ಗಡ್ಡ ಮೂಡುವುದಿಲ್ಲ, ಧ್ವನಿ ಒಡೆಯುವುದಿಲ್ಲ. ಪ್ರಾಯದಲ್ಲಿ ಕೈಕಾಲಿನ ಉದ್ದ ಮೂಳೆಗಳ ತುದಿ ಬೆಸೆದುಕೊಂಡು ಬೆಳವಣಿಗೆ ನಿಲ್ಲಬೇಕಾದರೂ ಈ ಹಾರ್ಮೋನುಗಳೇ ಬೇಕು. ಅವು ಇಲ್ಲದಾಗ ಮೂಳೆ ಇನ್ನೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಎತ್ತರ ಇರಬಹುದು. ಅದೇ ಬರಹ ಹೇಳುವ ದೊಡ್ಡ ಗಂಟೆಯಂಥ ಗಡಸು ಧ್ವನಿ ಮಾತ್ರ ವೈದ್ಯಕೀಯದ ಲೆಕ್ಕಕ್ಕೆ ಅಷ್ಟು ಸುಲಭವಾಗಿ ಕೂರುವುದಿಲ್ಲ.

ಚಕ್ರವರ್ತಿಗೆ ಇಂಥವನೇ ಏಕೆ ಬೇಕಾಗಿದ್ದ?

ಹುಡುಗನನ್ನು ಬೀಪಿಂಗ್‌ಗೆ, ಅಂದರೆ ಇಂದಿನ ಬೀಜಿಂಗ್‌ಗೆ, ಚಕ್ರವರ್ತಿಯ ಮಗ ಝು ಡಿಯ ಮನೆಗೆ ಕಳಿಸಲಾಯಿತು. ಝು ಡಿ ಉತ್ತರ ಗಡಿಯಲ್ಲಿ ಮಂಗೋಲರ ವಿರುದ್ಧ ಕಾವಲಿದ್ದ ರಾಜಕುಮಾರ. ಮಾ ಹೆ ಬೆಳೆದದ್ದು ಅಂತಃಪುರದಲ್ಲಿ ಅಲ್ಲ, ಸೇನಾ ಬಿಡಾರಗಳ ನಡುವೆ. ಕುದುರೆ, ಕತ್ತಿ, ಪಡೆ ನಡೆಸುವುದು ಎಲ್ಲ ಅಲ್ಲೇ ಕಲಿತ.

ಹಳೆಯ ಚಕ್ರವರ್ತಿ 1398ರಲ್ಲಿ ಸತ್ತಾಗ ಗದ್ದುಗೆ ಸಿಕ್ಕಿದ್ದು ಮೊಮ್ಮಗನಿಗೆ. ಅವನು ಚಿಕ್ಕಪ್ಪಂದಿರ ಬಲ ಮುರಿಯಲು ಹೊರಟ. ಝು ಡಿ 1399ರಲ್ಲಿ ದಂಗೆ ಎದ್ದ. ಮೂರು ವರ್ಷದ ಒಳಜಗಳ. ಬೀಪಿಂಗ್‌ನ ಹೊರಗೆ ಝೆಂಗ್‌ಲುನ್‌ಬಾ ಎಂಬಲ್ಲಿ ನಡೆದ ಕಾಳಗದಲ್ಲಿ ಮಾ ಹೆ ಹೆಸರು ಮಾಡಿದ. 1402ರಲ್ಲಿ ಝು ಡಿ ರಾಜಧಾನಿ ನಾನ್‌ಜಿಂಗ್ ಹಿಡಿದು ಯೊಂಗ್ಲೆ ಚಕ್ರವರ್ತಿ ಎಂದು ಕರೆಸಿಕೊಂಡ. ಅಣ್ಣನ ಮಗ ಅರಮನೆಯ ಬೆಂಕಿಯಲ್ಲಿ ಸತ್ತ ಎಂದು ಸಾರಲಾಯಿತು. ತಪ್ಪಿಸಿಕೊಂಡ ಎಂಬ ಗುಸುಗುಸು ಮಾತ್ರ ನಿಲ್ಲಲಿಲ್ಲ. 1404ರ ಹೊಸ ವರ್ಷದಲ್ಲಿ ಚಕ್ರವರ್ತಿ ತನ್ನ ನಂಬಿಕೆಯ ಸೇವಕನಿಗೆ ಆ ಕಾಳಗದ ನೆನಪಿಗೆ ಝೆಂಗ್ ಎಂಬ ಮನೆಹೆಸರು ಕೊಟ್ಟ. ಅಪ್ಪ ಕೊಟ್ಟ 'ಮಾ' ಹೋಗಿ, ಸೆರೆಹಿಡಿದವರ ಮನೆಯ ಯಜಮಾನ ಕೊಟ್ಟ 'ಝೆಂಗ್' ಬಂತು.

ಈಗ ಯೊಂಗ್ಲೆಯ ಸ್ಥಿತಿ ನೋಡಿ. ಕಿತ್ತುಕೊಂಡ ಗದ್ದುಗೆ. ಓದಿಕೊಂಡ ಅಧಿಕಾರಿಗಳಲ್ಲಿ ಅನೇಕರು ಒಳಗೊಳಗೇ ಇವನನ್ನು ಒಪ್ಪಿರಲಿಲ್ಲ, ಒಪ್ಪದ ಹಲವರನ್ನು ಅವನು ಕುಟುಂಬ ಸಮೇತ ಕೊಲ್ಲಿಸಿದ್ದ. ದೂರದೂರದ ದೊರೆಗಳ ದೂತರು ಕಾಣಿಕೆ ಹಿಡಿದು ಬಂದು ತಲೆಬಾಗಿದರೆ ಗದ್ದುಗೆಗೆ ಒಂದು ಒಪ್ಪಿಗೆಯ ಮುದ್ರೆ ಸಿಕ್ಕಂತೆ. ಆ ದೂತರನ್ನು ಕರೆತರಲು ಹೋಗುವವನು ಚಕ್ರವರ್ತಿಗಷ್ಟೇ ನಿಷ್ಠನಾಗಿರಬೇಕು. ಸ್ವಂತ ವಂಶ ಕಟ್ಟಲಾಗದ, ಮಂತ್ರಿಗಳ ಗುಂಪಿಗೆ ಸೇರದ ಖೋಜಾ ಸೇವಕನಿಗಿಂತ ಸೂಕ್ತ ವ್ಯಕ್ತಿ ಇನ್ನೊಬ್ಬನಿರಲಿಲ್ಲ. ಯಾನದ ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಹಲವು ವಾದಗಳಿವೆ. ತಪ್ಪಿಸಿಕೊಂಡ ಅಣ್ಣನ ಮಗನನ್ನು ಹುಡುಕುವುದಕ್ಕೆ ಎಂಬುದೂ ಅದರಲ್ಲೊಂದು. ನಮಗೆ ಹೆಚ್ಚು ತೂಕದ್ದು ಅನ್ನಿಸುವುದು ಈ ಒಪ್ಪಿಗೆಯ ಹಸಿವು.

ಹಡಗು ನಿಜಕ್ಕೂ ಅಷ್ಟು ದೊಡ್ಡದಿತ್ತೇ?

1405ರ ಜುಲೈನಲ್ಲಿ ಮೊದಲ ಪಡೆ ಹೊರಟಿತು. ಮಿಂಗ್ ಇತಿಹಾಸದ ಪ್ರಕಾರ 62 ದೊಡ್ಡ ಹಡಗುಗಳು, ಸುಮಾರು 27,800 ಜನ. ಚಿಕ್ಕ ಹಡಗುಗಳನ್ನು ಸೇರಿಸಿದರೆ ಸಂಖ್ಯೆ ಇನ್ನೂ ಹೆಚ್ಚು. 87 ವರ್ಷದ ನಂತರ ಕೊಲಂಬಸ್ ಹೊರಟದ್ದು 3 ಹಡಗು, ಸುಮಾರು 90 ಜನರೊಂದಿಗೆ. ಈ ಹೋಲಿಕೆ ಫಾರ್ವರ್ಡ್‌ನಲ್ಲಿ ಬಂದರೆ ಅನುಮಾನಿಸಬೇಡಿ, ಅದು ಸರಿ. ಸೈನಿಕರು, ಅಡುಗೆಯವರು, ಬಡಗಿಗಳು, ದುಭಾಷಿಗಳು, ಲೆಕ್ಕ ಬರೆಯುವವರು ಎಲ್ಲರೂ ಇದ್ದರು. ಒಂದು ಸಿಬ್ಬಂದಿ ಪಟ್ಟಿಯಲ್ಲಿ ವೈದ್ಯರು ಮತ್ತು ಅವರ ಸಹಾಯಕರೇ 180 ಮಂದಿ.

ಅನುಮಾನ ಬರಬೇಕಾದದ್ದು ಹಡಗಿನ ಉದ್ದದ ಬಗ್ಗೆ. 44 ಝಾಂಗ್ 4 ಚಿ ಉದ್ದ, 18 ಝಾಂಗ್ ಅಗಲ ಎಂದು ಮಿಂಗ್ ಇತಿಹಾಸ ಹೇಳುತ್ತದೆ. ಸುಮಾರು 135 ಮೀಟರ್ ಉದ್ದ, 55 ಮೀಟರ್ ಅಗಲ. ಫುಟ್‌ಬಾಲ್ ಮೈದಾನಕ್ಕಿಂತ ಉದ್ದ. ಆದರೆ ಆ ಅಧಿಕೃತ ಇತಿಹಾಸ ಮುಗಿದದ್ದು 1739ರಲ್ಲಿ, ಯಾನಗಳು ಮುಗಿದು ಮುನ್ನೂರು ವರ್ಷದ ನಂತರ. ಅದಕ್ಕೂ ಮೊದಲು, 1597ರಲ್ಲಿ ಬಂದ ಒಂದು ಸಾಹಸ ಕಾದಂಬರಿಯಲ್ಲೂ ಇದೇ ಅಳತೆ ಇದೆ. ಅದೇ ಕಾದಂಬರಿಯಲ್ಲಿ ಮಾಯಾಮಂತ್ರಗಳೂ ಇವೆ ಎಂಬುದನ್ನು ನೆನಪಿಡಿ.

ಮರದ ಹಡಗಿಗೆ ಒಂದು ಸ್ವಾಭಾವಿಕ ಮಿತಿ ಇದೆ. ದೊಡ್ಡ ಅಲೆ ಹಡಗಿನ ನಡುವೆ ಬಂದಾಗ ಹೊಟ್ಟೆ ಮೇಲೇಳುತ್ತದೆ, ಎರಡು ತುದಿಗಳು ಜೋತುಬೀಳುತ್ತವೆ. ಅಲೆ ತುದಿಗಳಿಗೆ ಹೋದಾಗ ಹೊಟ್ಟೆ ಕುಸಿಯುತ್ತದೆ. ದಿನಕ್ಕೆ ಸಾವಿರಾರು ಬಾರಿ ಹೀಗೆ ಬಾಗಿದರೆ ಹಲಗೆಗಳ ಸಂದಿ ಬಿಡುತ್ತದೆ, ನೀರು ಒಳಗೆ ಬರುತ್ತದೆ. ಉದ್ದ ಹೆಚ್ಚಿದಷ್ಟೂ ಬಾಗುವುದು ಹೆಚ್ಚು. 1909ರಲ್ಲಿ ಅಮೆರಿಕದಲ್ಲಿ ಕಟ್ಟಿದ ವಯೋಮಿಂಗ್ ಎಂಬ ಹಡಗು ಜಗತ್ತಿನ ಅತಿ ಉದ್ದದ ಮರದ ಹಡಗುಗಳಲ್ಲಿ ಒಂದು. ಅದರ ಡೆಕ್ ಸುಮಾರು 100 ಮೀಟರ್. ಕಬ್ಬಿಣದ ಪಟ್ಟಿ ಬಿಗಿದಿದ್ದರೂ ಅದು ಬಾಗುತ್ತಿತ್ತು, ಪಂಪು ಹಾಕಿ ನೀರು ಹೊರಚೆಲ್ಲುತ್ತಲೇ ಇರಬೇಕಿತ್ತು. 1924ರಲ್ಲಿ ಬಿರುಗಾಳಿಗೆ ಸಿಕ್ಕಿ ಎಲ್ಲರೊಂದಿಗೆ ಮುಳುಗಿತು. ಕಬ್ಬಿಣದ ಬಿಗಿತವಿಲ್ಲದೆ 135 ಮೀಟರಿನ ಮರದ ಹಡಗು ಆಫ್ರಿಕಾವರೆಗೆ ಹೋಗಿಬಂತು ಎಂಬುದನ್ನು ಹಡಗು ತಜ್ಞರು ಒಪ್ಪಲು ಹಿಂಜರಿಯುವುದು ಇದಕ್ಕೇ.

ನಾನ್‌ಜಿಂಗ್‌ನ ಹಳೆಯ ಹಡಗುಕಟ್ಟೆಯಲ್ಲಿ 1957ರಲ್ಲಿ ಸುಮಾರು 11 ಮೀಟರ್ ಉದ್ದದ ಚುಕ್ಕಾಣಿ ಕಂಬ ಸಿಕ್ಕಿತು. ದೊಡ್ಡ ಹಡಗುಗಳಿದ್ದವು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ, ಎಷ್ಟು ದೊಡ್ಡವು ಎಂಬುದಕ್ಕೆ ಅಲ್ಲ. ಇಂದು ಅನೇಕ ಸಂಶೋಧಕರು ಒಪ್ಪುವ ಅಂದಾಜು 60ರಿಂದ 75 ಮೀಟರ್. ಕೊಲಂಬಸ್‌ನ ಸಾಂತಾ ಮರಿಯಾ ಸುಮಾರು 20 ಮೀಟರ್ ಇತ್ತು. ಅಂದಾಜು ಇಳಿಸಿದ ಮೇಲೂ ಮೂರುಪಟ್ಟು! ಉತ್ಪ್ರೇಕ್ಷೆಯ ಅಗತ್ಯವಾದರೂ ಏನಿತ್ತು?

ಹೊಸ ದಾರಿಯಲ್ಲ, ಹಳೆಯ ಹೆದ್ದಾರಿ

ಝೆಂಗ್ ಹೆಯನ್ನು ಅನ್ವೇಷಕ ಎನ್ನುವುದು ವಾಡಿಕೆ. ಆದರೆ ಆತ ಹೋದ ದಾರಿ ಶತಮಾನಗಳಿಂದ ಅರಬ್ಬರು, ಗುಜರಾತಿಗಳು, ತಮಿಳರು, ಮಲಯರು, ಚೀನೀ ವರ್ತಕರು ಓಡಾಡಿದ್ದ ದಾರಿ. ಅವನಿಗಿಂತ ಅರವತ್ತು ವರ್ಷಕ್ಕೂ ಮೊದಲು ಇಬ್ನ್ ಬತೂತಾ ಕಲ್ಲಿಕೋಟೆಗೆ ಬಂದಾಗಲೇ ಅಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಮೊದಲ ಮೂರು ಯಾನಗಳ ಕೊನೆಯ ಗುರಿ ಕಲ್ಲಿಕೋಟೆಯೇ. ನಾಲ್ಕನೆಯದರಿಂದ ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ಗೆ, ಮುಂದೆ ಏಡನ್‌ಗೆ, ಆಫ್ರಿಕಾದ ಮೊಗಾದಿಶು, ಮಲಿಂದಿಗಳಿಗೆ ಹಡಗುಗಳು ಹೋದವು. ನಮ್ಮಲ್ಲಿ ಅದು ವಿಜಯನಗರದ ಒಂದನೇ ಮತ್ತು ಎರಡನೇ ದೇವರಾಯರ ಕಾಲ.

ಯಂತ್ರವಿಲ್ಲದ ಕಾಲದಲ್ಲಿ ಈ ಹೆದ್ದಾರಿಯನ್ನು ನಡೆಸುತ್ತಿದ್ದದ್ದು ಮಳೆ ಮಾರುತಗಳು. ನಮಗೆ ಮುಂಗಾರು ತರುವ ನೈಋತ್ಯ ಗಾಳಿ, ಚಳಿಗಾಲದ ಈಶಾನ್ಯ ಗಾಳಿ ಎರಡೂ ರೈಲಿನ ವೇಳಾಪಟ್ಟಿಯಂತೆ. ಏಳನೇ ಯಾನದ ದಿನಾಂಕಗಳು ಒಂದು ಹಳೆಯ ಬರಹದಲ್ಲಿ ಉಳಿದಿವೆ. 1432ರ ಡಿಸೆಂಬರ್ 10ಕ್ಕೆ ಕಲ್ಲಿಕೋಟೆ. ನಾಲ್ಕು ದಿನದಲ್ಲಿ ಹೊರಟು ಜನವರಿ 17ಕ್ಕೆ ಹೋರ್ಮುಜ್. ಮಾರ್ಚ್ 9ಕ್ಕೆ ಅಲ್ಲಿಂದ ಬಿಟ್ಟು ಮಾರ್ಚ್ 31ಕ್ಕೆ ಮತ್ತೆ ಕಲ್ಲಿಕೋಟೆ, ಏಪ್ರಿಲ್ 9ಕ್ಕೆ ಅಲ್ಲಿಂದಲೂ ಹೊರಟರು. ಕೇರಳ ಕರಾವಳಿಗೆ ಮುಂಗಾರು ಅಪ್ಪಳಿಸುವ ಹೊತ್ತಿಗೆ ಹಡಗುಗಳು ಬಂಗಾಳ ಕೊಲ್ಲಿ ದಾಟಿ, ಮಲಕ್ಕಾ ಹಿಂದೆ ಹಾಕಿ, ಚೀನಾದ ಕಡೆ ಹೊರಳಿದ್ದವು.

ಈ ವೇಳಾಪಟ್ಟಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ಉದಾಹರಣೆಯೇ ಇದೆ. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮಾ ಮರಳುವಾಗ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಅಕ್ಟೋಬರ್ ಆರಂಭದಲ್ಲೇ ಹೊರಟ. ಸರಿಯಾದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಬರುವಾಗ ಮೂರು ವಾರ ಹಿಡಿದಿದ್ದ ಅರಬ್ಬೀ ಸಮುದ್ರ, ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು, ತರಕಾರಿ ಇಲ್ಲದೆ ವಿಟಮಿನ್ ಸಿ ಕೊರತೆಯಿಂದ ವಸಡು ಊದಿ ರಕ್ತ ಸೋರುವ ಸ್ಕರ್ವಿ ರೋಗ ಬಂದು ಸುಮಾರು 30 ಜನ ಅಷ್ಟರಲ್ಲೇ ಸತ್ತರು. ಚೀನೀಯರು ಹಡಗಿನಲ್ಲಿ ಮೊಳಕೆಕಾಳು ಬೆಳೆದು ಸ್ಕರ್ವಿ ಗೆದ್ದರು ಎಂದು ಹೇಳುವ ಫಾರ್ವರ್ಡ್‌ಗಳಿವೆ. ಅಷ್ಟು ದೂರ ಹೋಗಬೇಕಿಲ್ಲ. ಕೆಲವೇ ವಾರಗಳಿಗೊಮ್ಮೆ ಬಂದರು ಸಿಕ್ಕಿ, ಅಲ್ಲಿ ನಿಂಬೆ, ಸೊಪ್ಪು, ಹಣ್ಣು ಸಿಕ್ಕರೆ ಸ್ಕರ್ವಿ ಬರುವುದೇ ಇಲ್ಲ.

ಕಲ್ಲಿಕೋಟೆಯ ವ್ಯಾಪಾರದ ಬಗ್ಗೆ ಮಾ ಹುವಾನ್ ಎಂಬ ದುಭಾಷಿ ಬರೆದಿಟ್ಟಿದ್ದಾನೆ. ಅವನೂ ಮುಸ್ಲಿಮನೇ, ಮೂರು ಯಾನಗಳಲ್ಲಿ ಹೋದವನು. ಚೀನೀ ರೇಷ್ಮೆಗೆ ಸಾಮೂತಿರಿ ದೊರೆಯ ಅಧಿಕಾರಿಗಳ ಮುಂದೆ ಒಂದೊಂದಾಗಿ ಬೆಲೆ ಕಟ್ಟುತ್ತಿದ್ದರು. ದಲ್ಲಾಳಿ ಎಲ್ಲರ ಕೈ ಹಿಡಿದು ಬೆಲೆ ಮುಗಿಸಿದನೆಂದರೆ ಆಮೇಲೆ ಬೆಲೆ ಏರಿದರೂ ಇಳಿದರೂ ಮಾತು ಬದಲಾಗುತ್ತಿರಲಿಲ್ಲ. ಲೆಕ್ಕಕ್ಕೆ ಮಣಿಚೌಕಟ್ಟು ಬಳಸದೆ ಕೈಕಾಲಿನ ಇಪ್ಪತ್ತು ಬೆರಳಲ್ಲೇ ಎಣಿಸಿ ಕೂದಲೆಳೆಯಷ್ಟೂ ತಪ್ಪದ ವರ್ತಕರನ್ನು ಕಂಡು ಅವನು ಬೆರಗಾದ. ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಈ ದೃಶ್ಯ ಪರಿಚಿತ ಅನ್ನಿಸಬಹುದು.

ಶಾಂತಿದೂತನೇ?

ಬಹುತೇಕ ಬಂದರುಗಳಲ್ಲಿ ನಡೆದದ್ದು ಉಡುಗೊರೆ, ವ್ಯಾಪಾರ, ದೂತರ ವಿನಿಮಯ. ಚೀನಾ ಎಲ್ಲೂ ಪೋರ್ಚುಗೀಸರಂತೆ ಕೋಟೆ ಕಟ್ಟಿ ನೆಲ ಹಿಡಿಯಲಿಲ್ಲ. ಇಷ್ಟು ನಿಜ. ಆದರೆ 27,000 ಜನರಲ್ಲಿ ಬಹುಪಾಲು ಸೈನಿಕರೇ. ಬಂದರಿನ ಮುಂದೆ ಅಂಥ ಪಡೆ ಬಂದು ನಿಂತಾಗ ಕಾಣಿಕೆ ಕಳಿಸಿ ಎಂಬ ಕೋರಿಕೆ ಯಾವ ದೊರೆಗೆ ಬರೀ ಕೋರಿಕೆಯಾಗಿ ಕೇಳಿಸಿರಬಹುದು?

1407ರಲ್ಲಿ ಸುಮಾತ್ರಾದ ಪಲೆಂಬಾಂಗ್‌ನಲ್ಲಿ ಚೆನ್ ಝುಯಿ ಎಂಬ ಚೀನೀ ಕಡಲ್ಗಳ್ಳನ ಪಡೆಯನ್ನು ಝೆಂಗ್ ಹೆ ನಾಶ ಮಾಡಿದ. ಸತ್ತವರು ಐದು ಸಾವಿರಕ್ಕೂ ಹೆಚ್ಚು ಎಂದು ಮಿಂಗ್ ದಾಖಲೆ. ಚೆನ್‌ನನ್ನು ನಾನ್‌ಜಿಂಗ್‌ಗೆ ಒಯ್ದು ಕೊಲ್ಲಲಾಯಿತು. 1415ರ ಸುಮಾರಿಗೆ ಸುಮಾತ್ರಾದ ಇನ್ನೊಂದು ರಾಜ್ಯದ ಗದ್ದುಗೆ ಜಗಳದಲ್ಲಿ ಕೈಹಾಕಿ ಒಂದು ಪಕ್ಷದ ನಾಯಕನನ್ನು ಹಿಡಿದೊಯ್ದ.

ಎಲ್ಲಕ್ಕಿಂತ ದೊಡ್ಡ ಘಟನೆ ಶ್ರೀಲಂಕೆಯದು. ಅಲ್ಲಿಗಾಗಿ ಝೆಂಗ್ ಹೆ ನಾನ್‌ಜಿಂಗ್‌ನಲ್ಲೇ ಒಂದು ಶಿಲಾಶಾಸನ ಕೆತ್ತಿಸಿ ಹಡಗಿನಲ್ಲಿ ತಂದಿದ್ದ. ಅದರ ದಿನಾಂಕ 1409ರ ಫೆಬ್ರವರಿ. ಮೂರು ಭಾಷೆ, ಮೂರು ದೇವರು. ಚೀನೀ ಭಾಗ ಬುದ್ಧನಿಗೆ, ತಮಿಳು ಭಾಗ ವಿಷ್ಣುವಿನ ರೂಪವಾದ ತೇನಾವರೈ ನಾಯನಾರ್‌ಗೆ, ಪರ್ಷಿಯನ್ ಭಾಗ ಅಲ್ಲಾಹನಿಗೆ. ಮೂವರಿಗೂ ಚಿನ್ನ, ಬೆಳ್ಳಿ, ರೇಷ್ಮೆ, ಸುಗಂಧ ತೈಲದ ಕಾಣಿಕೆ. ಈ ಕಲ್ಲು 1911ರಲ್ಲಿ ಗಾಲೆ ಪಟ್ಟಣದ ಒಂದು ಮೋರಿಯ ಮುಚ್ಚುಗಲ್ಲಾಗಿ ಸಿಕ್ಕಿತು, ಈಗ ಕೊಲಂಬೊ ವಸ್ತುಸಂಗ್ರಹಾಲಯದಲ್ಲಿದೆ. ಇದರ ಫೋಟೊ ಸರ್ವಧರ್ಮ ಸಹಿಷ್ಣುತೆಯ ಸಂದೇಶವಾಗಿ ಆಗಾಗ ಹರಿದಾಡುತ್ತದೆ. ಸಂದೇಶ ತಪ್ಪಲ್ಲ, ಅರ್ಧ ಮಾತ್ರ. ಕಲ್ಲಿನ ದಿನಾಂಕಕ್ಕೆ ಎರಡು ವರ್ಷ ತುಂಬುವ ಹೊತ್ತಿಗೆ ಅದೇ ದ್ವೀಪದಲ್ಲಿ ಝೆಂಗ್ ಹೆಯ ಪಡೆ ಅಲ್ಲಿನ ಪ್ರಬಲ ನಾಯಕ ಅಳಗಕ್ಕೋನಾರನ ರಾಜಧಾನಿಗೆ ನುಗ್ಗಿ, ಅವನನ್ನು ಕುಟುಂಬ ಸಮೇತ ಸೆರೆಹಿಡಿದು, 1411ರಲ್ಲಿ ನಾನ್‌ಜಿಂಗ್‌ಗೆ ಒಯ್ದಿತು. ಅವನೇ ಮೊದಲು ಹಡಗು ದೋಚಲು ಬಂದ ಎಂದು ಚೀನೀ ದಾಖಲೆ ಹೇಳುತ್ತದೆ. ಚಕ್ರವರ್ತಿ ಅವನನ್ನು ಕೊಲ್ಲಿಸದೆ ಬಿಟ್ಟು ಕಳಿಸಿದ, ಆದರೆ ದ್ವೀಪದ ಆಳ್ವಿಕೆ ಬೇರೆಯವರ ಕೈಗೆ ಹೋಯಿತು.

ಅದೇ 1411ರ ಕೊನೆಯಲ್ಲಿ ಝೆಂಗ್ ಹೆ ಯುನ್ನಾನ್‌ಗೆ ಹೋಗಿ ಅಪ್ಪನ ಸಮಾಧಿಗೆ ನಮಿಸಿದ. ಕಲ್ಲಿನ ಹಿಂಬದಿಯಲ್ಲಿ ಅದರ ಬರಹವಿದೆ. ಸೈನಿಕರು ಹುಡುಗನನ್ನು ಎಳೆದೊಯ್ದು ಮೂವತ್ತು ವರ್ಷ ಆಗಿತ್ತು. ಈಗ ಅವನೇ ಒಂದು ಕುಟುಂಬವನ್ನು ಸಮುದ್ರದಾಚೆಯಿಂದ ಸೆರೆಹಿಡಿದು ತಂದಿದ್ದ. ಅದು ಅವನಿಗೆ ನೆನಪಾಯಿತೇ ಎಂದು ಕಲ್ಲಿನಲ್ಲಿ ಬರೆದಿಲ್ಲ.

ಅವನ ಧರ್ಮ ಯಾವುದು ಎಂದು ಜಗಳವಾಡುವವರಿಗೆ ಎಲ್ಲ ಕಡೆಯೂ ಸಾಕ್ಷಿ ಸಿಗುತ್ತದೆ. 1417ರಲ್ಲಿ ಚುವಾನ್‌ಝೌ ಬಂದರಿನ ಮುಸ್ಲಿಂ ಸಂತರ ಗೋರಿಗಳಲ್ಲಿ ಧೂಪ ಹಾಕಿದ. ಬೌದ್ಧ ಗ್ರಂಥಗಳನ್ನು ದಾನವಾಗಿ ಅಚ್ಚು ಹಾಕಿಸಿದ. ನಾವಿಕರನ್ನು ಕಾಯುವ ತಿಯಾನ್‌ಫೇ ದೇವಿಗೆ ಕೃತಜ್ಞತೆಯ ಶಾಸನಗಳನ್ನು ನಿಲ್ಲಿಸಿದ. ಏಳು ಯಾನಗಳ ಬಗ್ಗೆ ಅವನದೇ ಕಡೆಯ ಮಾತು ಉಳಿದಿರುವುದು ಮುಖ್ಯವಾಗಿ ಈ ದೇವಿಯ ಶಾಸನಗಳಲ್ಲಿ. ಏಳನೇ ಯಾನದಲ್ಲಿ ಏಳು ಚೀನೀಯರು ಮೆಕ್ಕಾಗೆ ಹೋಗಿಬಂದರು. ಹಾಜಿಗಳ ಮೊಮ್ಮಗನಾದ ಝೆಂಗ್ ಹೆ ಅಲ್ಲಿ ತಲುಪಿದ ಎಂಬುದಕ್ಕೆ ದಾಖಲೆ ಇಲ್ಲ.

ಯಾನಗಳಲ್ಲಿ ಬಂದ ಕಾಣಿಕೆಗಳಲ್ಲಿ ಹೆಚ್ಚು ಗದ್ದಲವೆಬ್ಬಿಸಿದ್ದು ಜಿರಾಫೆ. ಮೊದಲನೆಯದು 1414ರಲ್ಲಿ ಬಂಗಾಳದ ಸುಲ್ತಾನನಿಂದ ಬಂತು, ಮರುವರ್ಷ ಮಲಿಂದಿಯಿಂದ ಇನ್ನೊಂದು. ಒಳ್ಳೆಯ ದೊರೆ ಆಳುವಾಗ ಮಾತ್ರ ಕಾಣಿಸಿಕೊಳ್ಳುವ ಪುರಾಣದ ಪ್ರಾಣಿ ಚಿಲಿನ್ ಇದೇ ಎಂದು ಆಸ್ಥಾನ ಸಂಭ್ರಮಿಸಿತು. ಗದ್ದುಗೆ ಕಿತ್ತುಕೊಂಡವನಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಬೇಕೇ?

1421ರಲ್ಲಿ ಏನಾಯಿತು?

ಆರನೇ ಯಾನ 1421ರಲ್ಲಿ ಹೊರಟದ್ದು ಬಂದಿದ್ದ ವಿದೇಶಿ ದೂತರನ್ನು ಅವರವರ ಊರಿಗೆ ಬಿಡಲು. ಪಡೆ ದಾರಿಯಲ್ಲಿ ಗುಂಪುಗಳಾಗಿ ಒಡೆದು ಹಿಂದೂ ಮಹಾಸಾಗರದ ಬಂದರುಗಳಿಗೆ ಹೋಯಿತು. ಝೆಂಗ್ ಹೆ 1422ರಲ್ಲಿ ಮರಳಿದ.

ಆ ಗುಂಪುಗಳು ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗೆ ಹೋದವು ಎಂಬ ಕಥೆ ಹುಟ್ಟಿದ್ದು 2002ರಲ್ಲಿ, ಗ್ಯಾವಿನ್ ಮೆಂಜಿಸ್ ಎಂಬ ನಿವೃತ್ತ ಬ್ರಿಟಿಷ್ ಜಲಾಂತರ್ಗಾಮಿ ಅಧಿಕಾರಿಯ ಪುಸ್ತಕದಲ್ಲಿ. ಚೀನೀ ಭಾಷೆ ಬಾರದ ಅವರು ಹಳೆಯ ಯುರೋಪಿಯನ್ ನಕ್ಷೆಗಳು, ಕಲ್ಲುಗಳು, ಕಟ್ಟಡಗಳಲ್ಲಿ ಚೀನೀಯರ ಗುರುತು ಕಂಡರು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಚೀನೀ ನೌಕಾ ಇತಿಹಾಸ ಬಲ್ಲವರು ಸಾಲುಸಾಲಾಗಿ ತಪ್ಪು ತೋರಿಸಿದರು. ಉದಾಹರಣೆಗೆ, ಚೀನೀಯರು ಕಟ್ಟಿದ್ದು ಎಂದು ಅವರು ಹೇಳಿದ ಅಮೆರಿಕದ ನ್ಯೂಪೋರ್ಟ್ ಗೋಪುರದ ಗಾರೆಯನ್ನು ಕಾರ್ಬನ್ ಪರೀಕ್ಷೆ ಮಾಡಿದಾಗ ಅದು 17ನೇ ಶತಮಾನದ್ದು ಎಂದು ಮೊದಲೇ ಗೊತ್ತಾಗಿತ್ತು.

ಇನ್ನೂ ನೇರವಾದ ಸಾಕ್ಷಿ 2010ರಲ್ಲಿ ನಾನ್‌ಜಿಂಗ್‌ನಲ್ಲಿ ನೆಲದಡಿಯಿಂದ ಬಂತು. ಮೆಂಜಿಸ್ ಕಥೆಯಲ್ಲಿ ದಕ್ಷಿಣ ಧ್ರುವದ ಕಡೆ ಹೋಗುವ ನಾಯಕರಲ್ಲಿ ಹಾಂಗ್ ಬಾವ್ ಒಬ್ಬ. ಅವನ ನಿಜವಾದ ಗೋರಿಯೇ ಸಿಕ್ಕಿತು, ಒಳಗೆ ಅವನ ಬದುಕಿನ ಶಾಸನವಿತ್ತು. ಅವನು ಕಂಡ ದೇಶಗಳ ಪಟ್ಟಿಯಲ್ಲಿರುವುದು ಹಿಂದೂ ಮಹಾಸಾಗರದ ಪರಿಚಿತ ಹೆಸರುಗಳೇ. ಅಮೆರಿಕವೂ ಇಲ್ಲ, ಹಿಮಖಂಡವೂ ಇಲ್ಲ. ಸತ್ತವನ ಸಾಧನೆ ಹೊಗಳಲೆಂದೇ ಬರೆಸಿದ ಶಾಸನ ಅಂಥದ್ದನ್ನು ಬಿಟ್ಟುಬಿಡುತ್ತಿತ್ತೇ? ಅದರಲ್ಲಿ ಹಡಗಿನ ಗಾತ್ರದ ಉಲ್ಲೇಖವೂ ಇದೆ: 5,000 ಲಿಯಾವ್. ಇದು ಹಡಗಿನ ತೂಕ ಅಥವಾ ಹಿಡಿತದ ಹಳೆಯ ಚೀನೀ ಅಳತೆ. ಸುಮಾರು 70 ಮೀಟರಿನ ಅಂದಾಜಿಗೆ ಸಂಶೋಧಕರು ಇದನ್ನೂ ಆಧಾರವಾಗಿ ತೋರಿಸುತ್ತಾರೆ.

ಸಿಂದಬಾದ್ ಎಂದರೆ ಝೆಂಗ್ ಹೆಯೇ, ಅವನ ಅಡ್ಡಹೆಸರು ಸಾನ್‌ಬಾವ್ ಸಿಂದಬಾದ್ ಆಯಿತು ಎಂಬ ಇನ್ನೊಂದು ಫಾರ್ವರ್ಡ್ ಇದೆ. ಸಿಂದಬಾದ್ ಕಥೆಗಳು ಅವನಿಗಿಂತ ಶತಮಾನಗಳಷ್ಟು ಹಳೆಯವು. ಇಷ್ಟು ಸಾಕು.

ಹಡಗು ಸುಟ್ಟದ್ದು ಯಾರು?

1421ರಲ್ಲಿ ರಾಜಧಾನಿ ಬೀಜಿಂಗ್‌ಗೆ ಬದಲಾಯಿತು. ಕೆಲವೇ ತಿಂಗಳಲ್ಲಿ ಹೊಸ ಅರಮನೆಯ ಮುಖ್ಯ ಸಭಾಂಗಣಗಳು ಸಿಡಿಲಿನ ಬೆಂಕಿಗೆ ಸುಟ್ಟವು. ಅಪಶಕುನವೆಂದು ಅಧಿಕಾರಿಗಳು ದುಬಾರಿ ಯಾನಗಳ ಬಗ್ಗೆ ಬಾಯಿಬಿಟ್ಟರು. ಖರ್ಚು ನಿಜಕ್ಕೂ ವಿಪರೀತ ಇತ್ತು: ಹೊಸ ರಾಜಧಾನಿ, ವಿಯೆಟ್ನಾಂನಲ್ಲಿ ಮುಗಿಯದ ಯುದ್ಧ, ಮಂಗೋಲರ ಮೇಲೆ ದಂಡಯಾತ್ರೆ, ಅದರ ಮೇಲೆ ಈ ಹಡಗುಗಳು. 1424ರಲ್ಲಿ ಯೊಂಗ್ಲೆ ದಂಡಯಾತ್ರೆಯಿಂದ ಮರಳುವಾಗ ಸತ್ತ. ಅವನ ಮಗ ಗದ್ದುಗೆಗೆ ಏರುತ್ತಲೇ ಮಾಡಿದ ಕೆಲಸಗಳಲ್ಲಿ ಒಂದು ಯಾನಗಳನ್ನು ನಿಲ್ಲಿಸುವುದು.

ಝೆಂಗ್ ಹೆಗೆ ನಾನ್‌ಜಿಂಗ್‌ನ ಕಾವಲು ಪಡೆಯ ಹೊಣೆ ಸಿಕ್ಕಿತು. ಸಮುದ್ರವಿಲ್ಲದ ಆರೇಳು ವರ್ಷ. ಯೊಂಗ್ಲೆ ತಾಯಿತಂದೆಯ ನೆನಪಿಗೆ ಆರಂಭಿಸಿದ್ದ ಪಿಂಗಾಣಿ ಗೋಪುರದ ದೇವಾಲಯದ ಕೆಲಸ ಮುಗಿಸುವ ಮೇಲ್ವಿಚಾರಣೆಯೂ ಅವನ ಪಾಲಿಗೆ ಬಂತು. ಮೊಮ್ಮಗ ಶುವಾಂಡೆ ಚಕ್ರವರ್ತಿ ಕಾಣಿಕೆ ತರುವ ದೂತರು ಕಡಿಮೆಯಾದರೆಂದು ಮತ್ತೊಮ್ಮೆ ಹೊರಡಿಸಿದಾಗ ಝೆಂಗ್ ಹೆಗೆ 60 ವರ್ಷ. ಅದೇ ಕೊನೆಯ ಯಾನ. ಆ ಯಾನದಲ್ಲೇ, 1433ರಲ್ಲಿ, ಆತ ತೀರಿಕೊಂಡ ಎಂಬುದು ಹೆಚ್ಚಿನವರ ಅಭಿಪ್ರಾಯ. ಜಾಗ ಕಲ್ಲಿಕೋಟೆ ಎಂದು ಸಂಪ್ರದಾಯ ಹೇಳುತ್ತದೆ. ಮರಳಿ ಬಂದು 1435ರಲ್ಲಿ ಸತ್ತ ಎನ್ನುವ ಸಂಶೋಧಕರೂ ಇದ್ದಾರೆ.

ಹಡಗುಗಳನ್ನು ಒಟ್ಟುಗೂಡಿಸಿ ಬೆಂಕಿ ಹಚ್ಚಿದ ಘಟನೆ ದಾಖಲೆಗಳಲ್ಲಿ ಕಾಣುವುದಿಲ್ಲ. ಅವು ರಿಪೇರಿ ಇಲ್ಲದೆ ಕೊಳೆತವು. 1415ರಿಂದ ಉತ್ತರಕ್ಕೆ ಧಾನ್ಯ ಮಹಾಕಾಲುವೆಯಲ್ಲೇ ಹೋಗುತ್ತಿದ್ದುದರಿಂದ ಹಡಗುಕಟ್ಟೆಗಳಿಗೆ ಕಾಲುವೆ ದೋಣಿಗಳ ಕೆಲಸ ಹೆಚ್ಚಾಯಿತು. 1449ರಲ್ಲಂತೂ ಮಂಗೋಲರು ಚಕ್ರವರ್ತಿಯನ್ನೇ ಯುದ್ಧದಲ್ಲಿ ಸೆರೆಹಿಡಿದರು. ಹಣ ಉತ್ತರ ಗಡಿಗೆ ಹರಿಯಿತು. ಚೀನೀ ವರ್ತಕರ ಖಾಸಗಿ ಹಡಗುಗಳು ಮಾತ್ರ ಕಾನೂನು ಇರಲಿ ಬಿಡಲಿ, ಆಗ್ನೇಯ ಏಷ್ಯಾಕ್ಕೆ ಓಡಾಡುತ್ತಲೇ ಇದ್ದವು. ನಿಂತದ್ದು ಅರಮನೆಯ ಯಾನಗಳು.

ಸುಟ್ಟರೆಂಬ ಮಾತಿಗೆ ಮೂಲ ಹಡಗಲ್ಲ, ಕಾಗದ. 1470ರ ದಶಕದಲ್ಲಿ ಯುದ್ಧ ಇಲಾಖೆಯ ಅಧಿಕಾರಿ ಲಿಯು ಡಾಶಿಯಾ ಯಾನಗಳ ಕಡತಗಳನ್ನು ಸಿಗದಂತೆ ಮಾಡಿದ, ಅಷ್ಟು ಜನ ಮತ್ತು ಹಣ ನುಂಗಿದ ಕೆಲಸ ಮತ್ತೆ ಆರಂಭವಾಗಬಾರದೆಂಬುದು ಅವನ ವಾದ ಎಂದು ಸುಮಾರು ನೂರು ವರ್ಷದ ನಂತರದ ಬರಹಗಳಲ್ಲಿದೆ. ಬಚ್ಚಿಟ್ಟ ಎಂದು ಕೆಲವು, ಸುಟ್ಟ ಎಂದು ಕೆಲವು. ಅವು ಝೆಂಗ್ ಹೆಯ ಕಡತಗಳೇ ಅಲ್ಲ, ವಿಯೆಟ್ನಾಂ ಯುದ್ಧದವು ಎನ್ನುವ ಮಾತೂ ಇದೆ. ಕಡತಗಳು ಉಳಿಯಲಿಲ್ಲ ಎಂಬುದಷ್ಟೇ ಖಚಿತ. ಯಾನಗಳ ದಿಕ್ಸೂಚಿ ದಾರಿಗಳನ್ನು ತೋರಿಸುವ ಒಂದು ಉದ್ದದ ನಕ್ಷೆ ಮಾತ್ರ 1628ರ ಸೇನಾ ಗ್ರಂಥವೊಂದರಲ್ಲಿ ಸೇರಿಕೊಂಡು ಉಳಿಯಿತು. ಅದು ಆಫ್ರಿಕಾದ ಪೂರ್ವ ಕರಾವಳಿಗೆ ಮುಗಿಯುತ್ತದೆ.

ಕೊನೆಯ ಯಾನ ಮುಗಿದು ಹತ್ತು ವರ್ಷಕ್ಕೆ, ಪರ್ಷಿಯಾದ ದೂತ ಅಬ್ದುಲ್ ರಜಾಕ್ ಇದೇ ದಾರಿಯಲ್ಲಿ ಹೋರ್ಮುಜ್‌ನಿಂದ ಕಲ್ಲಿಕೋಟೆಗೆ ಬಂದು, ಅಲ್ಲಿಂದ ಮಂಗಳೂರಿನ ಮೂಲಕ ವಿಜಯನಗರಕ್ಕೆ ಹೋದ. ಬಂದರು ಎಂದಿನಂತೆ ತುಂಬಿ ತುಳುಕುತ್ತಿತ್ತು.

ಝೆಂಗ್ ಹೆ ಅಣ್ಣನ ಮಗನನ್ನು ದತ್ತು ತೆಗೆದುಕೊಂಡಿದ್ದ. ಆ ವಂಶದವರು ಇಂದಿಗೂ ಇದ್ದಾರೆ, ಝೆಂಗ್ ಎಂಬ ಮನೆಹೆಸರಿನಲ್ಲೇ. ನಾನ್‌ಜಿಂಗ್‌ನ ಹೊರಗೆ ನಿಯುಶೌ ಬೆಟ್ಟದ ಬುಡದಲ್ಲಿ ಅವನ ಸಮಾಧಿ ಇದೆ, 1985ರಲ್ಲಿ ಮುಸ್ಲಿಂ ಶೈಲಿಯಲ್ಲಿ ಹೊಸದಾಗಿ ಕಟ್ಟಿದ್ದಾರೆ. ದೇಹ ಸಮುದ್ರದಲ್ಲೇ ಉಳಿಯಿತು, ಅಲ್ಲಿ ಹೂತದ್ದು ಅವನ ಬಟ್ಟೆ ಮತ್ತು ಕೂದಲು ಎಂದು ಅಲ್ಲಿನವರು ಹೇಳುತ್ತಾರೆ.